ಚಂಡಮಾರುತದ ಮಳೆ, ಕರೆಂಟಿಲ್ಲದ ರಾತ್ರಿಗಳು ಮತ್ತು ನಮ್ಮ ಮನೆಯ ಹವ್ಯಾಸಗಳು

ಮಲೆನಾಡಿನವರಿಗೆ ಕರೆಂಟು ಹೋಗುವುದು ಹೊಸ ಸಂಗತಿಯಲ್ಲ. ಜೂನ್‌ನಲ್ಲಿ ಮುಂಗಾರು ಹಿಡಿದುಕೊಂಡಿತೆಂದರೆ ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳೆಲ್ಲ ಮುಗಿಯುವವರೆಗೂ ಮೂಡಿಗೆರೆ ಸುತ್ತಲಿನ ತೋಟದ ಮನೆಗಳವರು ಎಷ್ಟೋ ರಾತ್ರಿಗಳನ್ನು ಕತ್ತಲೆಯಲ್ಲಿಯೇ ಕಳೆಯಬೇಕಾಗುತ್ತದೆ. ಕಾಫಿಗೆ ನೆರಳಾಗಲೆಂದೂ ಮೆಣಸಿನ ಬಳ್ಳಿಗೆ ಆಸರೆಯಾಗಲೆಂದೂ ನೆಟ್ಟಿರುವ ಸಿಲ್ವರ್ ಓಕ್ ಮರದ ಕೊಂಬೆ ಗಾಳಿಗೆ ಬಲು ಬೇಗ ಮುರಿಯುತ್ತದೆ. ಅದು ತಂತಿಯ ಮೇಲೆ ಬಿದ್ದರೆ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಹತ್ತಿರ ಒಂದು ಸದ್ದು ಕೇಳುತ್ತದೆ, ಅಲ್ಲಿಗೆ ಮುಗಿಯಿತು. ಮಳೆಗಾಲದಲ್ಲಿ ಇದಕ್ಕೆಲ್ಲ ನಾವು ಸಿದ್ಧರಾಗಿಯೇ ಇರುತ್ತೇವೆ. ಸೌದೆ ಒಳಗೆ ಸೇರಿರುತ್ತದೆ, ಹಪ್ಪಳ ಸಂಡಿಗೆಗಳು ಡಬ್ಬಿ ಸೇರಿರುತ್ತವೆ, ತೋಟದಲ್ಲಿ ಕೊಯ್ಯುವ ಕೆಲಸವೂ ಇರುವುದಿಲ್ಲ. ಆದರೆ ಬಂಗಾಳಕೊಲ್ಲಿಯಲ್ಲಿ ಎದ್ದ ಚಂಡಮಾರುತದ ಮಳೆ ಡಿಸೆಂಬರ್‌ನಲ್ಲಿ ಇಲ್ಲಿಗೆ ಬಂದಾಗ ಪರಿಸ್ಥಿತಿ ಪೂರ್ತಿ ಬೇರೆ, ಏಕೆಂದರೆ ಅದು ಅರೇಬಿಕಾ ಕಾಫಿಯ ಕೊಯ್ಲಿನ ಕಾಲ. ಅಂಗಳವೆಲ್ಲ ಕಾಫಿಯ ಕಣವಾಗಿರುವ ಕಾಲ.

ನಮ್ಮ ಕಡೆಯವರು ಚಂಡಮಾರುತವನ್ನು ಕಣ್ಣಾರೆ ಕಂಡವರಲ್ಲ, ಅದರ ಬಾಲವನ್ನಷ್ಟೇ ಬಲ್ಲವರು. 2021ರ ಮೇ ತಿಂಗಳಲ್ಲಿ ತೌಕ್ತೆ ಅರಬ್ಬೀ ಸಮುದ್ರದಲ್ಲಿ ಕರಾವಳಿಯ ಉದ್ದಕ್ಕೂ ಉತ್ತರಕ್ಕೆ ಸಾಗಿ 17ರ ರಾತ್ರಿ ಗುಜರಾತಿನ ದಡ ಸೇರಿತಷ್ಟೆ. ಅದು ಹಾದುಹೋಗುವಾಗ ಘಟ್ಟದ ಮೇಲಿನ ನಮಗೆ ಬಂದದ್ದು ಗಾಳಿ, ಮಳೆ, ಮುರಿದ ಮರಗಳು. ಬಂಗಾಳಕೊಲ್ಲಿಯದು ಮತ್ತೊಂದು ಬಗೆ. ಗಾಳಿಯ ವೇಗ ಗಂಟೆಗೆ 62 ಕಿ.ಮೀ. ಮುಟ್ಟಿದರೆ ಹವಾಮಾನ ಇಲಾಖೆ ಅದನ್ನು ಚಂಡಮಾರುತವೆಂದು ಕರೆದು ಹೆಸರಿಡುತ್ತದೆ. ಅದು ತಮಿಳುನಾಡಿನ ದಡ ಹತ್ತಿದ ಮೇಲೆ ಬೆಚ್ಚನೆಯ ಸಮುದ್ರದ ನೀರಾವಿ ಸಿಗದೆ ಸೊರಗುತ್ತಾ ಬರುತ್ತದೆ. ನಮ್ಮಲ್ಲಿಗೆ ತಲುಪುವ ಹೊತ್ತಿಗೆ ಗಾಳಿ ಬಹುಪಾಲು ಇಳಿದಿರುತ್ತದೆ, ಮೋಡ ಮಾತ್ರ ಉಳಿದಿರುತ್ತದೆ. ಕಾಫಿ ಒಣಗಿಸುವವರಿಗೆ ಗಾಳಿಗಿಂತ ಆ ಮೋಡವೇ ದೊಡ್ಡ ಕಷ್ಟ.

2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿಯ ಹತ್ತಿರ ದಡ ಸೇರಿತು. ಸೇರಿದ್ದು ಮುಂದಕ್ಕೆ ಸಾಗದೆ ಗಂಟೆಗಟ್ಟಲೆ ಅಲ್ಲೇ ನಿಂತುಬಿಟ್ಟಿತು. ಪುದುಚೇರಿಯಲ್ಲಿ ಒಂದೇ ದಿನದಲ್ಲಿ 40 ಸೆಂ.ಮೀ.ಗೂ ಹೆಚ್ಚು ಮಳೆ ಸುರಿಯಿತು. ಆಮೇಲೆ ಅದರ ಉಳಿಕೆ ತಮಿಳುನಾಡನ್ನೂ ನಮ್ಮ ದಕ್ಷಿಣ ಒಳನಾಡನ್ನೂ ದಾಟಿ ಅರಬ್ಬೀ ಸಮುದ್ರದ ಕಡೆಗೆ ಹೋಯಿತು. ಆ ದಾರಿಯ ಪಕ್ಕದಲ್ಲಿ ನಾವಿದ್ದೆವು. ಅರೇಬಿಕಾ ಗಿಡಗಳಲ್ಲಿ ಹಣ್ಣು ಕೆಂಪಾಗಿ ನಿಂತಿತ್ತು, ಅರ್ಧ ಕೊಯ್ಲು ಆಗಿತ್ತು, ಕಣದಲ್ಲಿ ಒಂದು ಕಡೆ ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ತೊಳೆದ ಬೀಜ), ಇನ್ನೊಂದು ಕಡೆ ಚೆರಿ (ಸಿಪ್ಪೆ ಸಮೇತ ಒಣಗಿಸುವ ಹಣ್ಣು) ಹರಡಿತ್ತು. ಕಾಫಿಗೆ ಹಲವು ವರ್ಷಗಳ ನಂತರ ಒಳ್ಳೆಯ ಬೆಲೆ ಬಂದಿದ್ದ ವರ್ಷವೂ ಅದೇ ಆಗಿತ್ತು. ಮಳೆ ಹನಿಯತೊಡಗಿದಾಗ ಮನೆಮಂದಿಯೆಲ್ಲ ಹಲಗೆ ಹಿಡಿದು ಕಾಫಿಯನ್ನು ರಾಶಿಗೂಡಿಸಿ ಟಾರ್ಪಲ್ ಎಳೆದೆವು. ಮಾವನವರು ಟಾರ್ಪಲಿನ ಅಂಚಿಗೆ ಕಲ್ಲು ಹೇರುತ್ತಿದ್ದರೆ ಅತ್ತೆಯವರು ಒಳಗಿನಿಂದಲೇ, "ಒಂದು ರಾತ್ರಿಗಿಂತ ಹೆಚ್ಚು ಮುಚ್ಚಿಡಬೇಡಿ, ಬೂಸು ಹಿಡಿಯುತ್ತೆ" ಎಂದು ಕೂಗಿ ಹೇಳುತ್ತಿದ್ದರು. ಸಂಜೆಗೆ ಕರೆಂಟು ಹೋಯಿತು.

ಕರೆಂಟು ಹೋದರೆ ತೋಟದ ಮನೆಯಲ್ಲಿ ಮೊದಲು ನಿಲ್ಲುವುದು ಪಲ್ಪರ್. ಅಂದು ಕೊಯ್ದ ಹಣ್ಣನ್ನು ಅಂದೇ ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಬೇಕು. ಚೀಲದಲ್ಲಿ ಹಾಗೆಯೇ ಬಿಟ್ಟರೆ ಹಣ್ಣು ಬಿಸಿಯೇರಿ ಹುಳಿಯುತ್ತದೆ, ಆ ಹುಳಿ ಬೀಜಕ್ಕೆ ಇಳಿದರೆ ಕಾಫಿಯ ರುಚಿ ಕೆಡುತ್ತದೆ. ಇಲ್ಲಿ ನಮ್ಮ ಯಜಮಾನರ ಹವ್ಯಾಸದ ಮಾತು ಹೇಳಲೇಬೇಕು. ಇವರಿಗೆ ಹಳೆಯ ಯಂತ್ರಗಳನ್ನು ಬಿಚ್ಚಿ, ತುಕ್ಕು ಕೆರೆದು, ಎಣ್ಣೆ ಬಿಟ್ಟು ಮತ್ತೆ ಓಡುವಂತೆ ಮಾಡುವುದರಲ್ಲಿ ಬಾಲ್ಯದಿಂದಲೂ ಪ್ರೀತಿ. ಗೋಡೆ ಗಡಿಯಾರ, ಹೊಲಿಗೆ ಯಂತ್ರ, ಟ್ರಾನ್ಸಿಸ್ಟರ್ ರೇಡಿಯೊ, ಯಾವುದಾದರೂ ಸರಿ. ಗೋದಾಮಿನ ಮೂಲೆಯಲ್ಲಿ ಮಾವನವರ ತಂದೆಯ ಕಾಲದ, ಕೈಯಲ್ಲಿ ತಿರುಗಿಸುವ ಒಂದು ಪಲ್ಪರ್ ಬಿದ್ದಿತ್ತು. ಹಿಂದಿನ ಬೇಸಿಗೆಯಲ್ಲಿ ಇವರು ಅದನ್ನು ಹೊರಗೆ ತೆಗೆದು, ಅದರ ಚಕ್ರಕ್ಕೆ ಹೊದಿಸಿದ ಗುಬಟುಗಳಿರುವ ತಾಮ್ರದ ತಗಡನ್ನು ಉಜ್ಜಿ ಹೊಳಪು ಬರಿಸಿ, ಬೇರಿಂಗ್ ಬದಲಿಸಿ, ಜಗಲಿಯಲ್ಲಿ ಅಲಂಕಾರಕ್ಕೆಂಬಂತೆ ನಿಲ್ಲಿಸಿದ್ದರು. ಆ ರಾತ್ರಿ ಅದು ಕೆಲಸಕ್ಕೆ ನಿಂತಿತು. ಒಬ್ಬರು ಹಿಡಿ ತಿರುಗಿಸುವುದು, ಒಬ್ಬರು ಹಣ್ಣು ಸುರಿಯುವುದು, ಒಬ್ಬರು ನೀರು ಬಿಡುವುದು ಎಂದು ಸರದಿಯ ಮೇಲೆ ಮಾಡಿದೆವು. ತಾಮ್ರದ ಗುಬಟುಗಳು ಹಣ್ಣನ್ನು ಒತ್ತಿದಾಗ ಬೀಜ ಜಾರಿ ಈಚೆಗೆ, ಸಿಪ್ಪೆ ಆಚೆಗೆ ಬೀಳುವುದನ್ನು ಲಾಟೀನಿನ ಬೆಳಕಿನಲ್ಲಿ ಅಷ್ಟು ಹತ್ತಿರದಿಂದ ನೋಡಿದ್ದು ನನಗೆ ಅದೇ ಮೊದಲು. ಮೋಟಾರಿನ ಪಲ್ಪರಿನಲ್ಲಿ ಇದೆಲ್ಲ ಸದ್ದಿನ ನಡುವೆ ಕಾಣದಷ್ಟು ಬೇಗ ನಡೆದುಹೋಗುತ್ತದೆ.

ತೊಳೆದ ಪಾರ್ಚ್‌ಮೆಂಟನ್ನು ಎಲ್ಲಿ ಹರಡುವುದೆಂಬುದು ಮುಂದಿನ ಪ್ರಶ್ನೆಯಾಯಿತು. ಬಿಸಿಲಿಲ್ಲದ ದಿನಗಳಲ್ಲಿ ತೇವದ ಬೀಜವನ್ನು ರಾಶಿ ಹಾಕಿಡುವಂತಿಲ್ಲ. ತೆಳುವಾಗಿ ಹರಡಿ, ಗಂಟೆಗೊಮ್ಮೆಯಾದರೂ ಕೈಯಾಡಿಸುತ್ತಿರಬೇಕು. ಬಚ್ಚಲೊಲೆಯ ಪಕ್ಕದಲ್ಲಿ ಬೆಚ್ಚಗಿರುತ್ತದೆ ನಿಜ, ಆದರೆ ಕಾಫಿ ಬೀಜ ವಾಸನೆಯನ್ನು ಬಹಳ ಬೇಗ ಹೀರುತ್ತದೆ, ಹೊಗೆ ಹಿಡಿದ ಬೀಜವನ್ನು ರುಚಿ ನೋಡುವವರು ಒಂದೇ ಗುಟುಕಿಗೆ ಪತ್ತೆ ಹಚ್ಚುತ್ತಾರೆ. ಆದ್ದರಿಂದ ಹಜಾರದ ಕುರ್ಚಿ, ಮೇಜುಗಳನ್ನೆಲ್ಲ ಗೋಡೆಗೆ ಒತ್ತರಿಸಿ, ನೆಲಕ್ಕೆ ಚಾಪೆ, ಚಾಪೆಯ ಮೇಲೆ ಶುಭ್ರವಾದ ಬಟ್ಟೆ ಹಾಸಿ ಅಲ್ಲಿಯೇ ಹರಡಿದೆವು. ಮಂಚಗಳ ಕೆಳಗೂ ಹರಡಿದೆವು. ಮನೆಯಲ್ಲಿ ನಡೆಯಲು ಗೋಡೆಯ ಬದಿಯಲ್ಲಿ ಒಂದು ಅಡಿಯ ದಾರಿಯಷ್ಟೇ ಉಳಿಯಿತು.

ಗಂಟೆಗೊಮ್ಮೆ ಕೈಯಾಡಿಸಬೇಕಾದ ಮನೆಯಲ್ಲಿ ಎಲ್ಲರೂ ಮಲಗುವಂತಿಲ್ಲ. ಮೊಬೈಲಿನ ಚಾರ್ಜು ಮುಗಿದಿತ್ತು, ಟವರ್ ಕೂಡ ಕೈಕೊಟ್ಟಿತ್ತು. ಅತ್ತೆಯವರು ಸೀಮೆಸುಣ್ಣ ತಂದು ಅಡುಗೆಮನೆಯ ನೆಲದ ಮೇಲೆ ಚೌಕಾಬಾರದ ಮನೆ ಬರೆದರು. ಐದು ಸಾಲು, ಐದು ಕಂಬ, ನಡುವಿನ ಮನೆಗೂ ನಾಲ್ಕು ಬದಿಯ ಮನೆಗಳಿಗೂ ಗೀಟು ಹೊಡೆದ ಕಟ್ಟೆ. ಕಾಯಿಗಳಿಗೆ ಬೇರೇನೂ ಹುಡುಕಲಿಲ್ಲ. ಮಾವನವರಿಗೆ ಅಡಿಕೆ ಚೂರು, ಇವರಿಗೆ ಮೆಣಸಿನ ಕಾಳು, ಮಗಳಿಗೆ ಏಲಕ್ಕಿ, ಅತ್ತೆಯವರಿಗೆ ಒಂದು ಹಿಡಿ ಪಾರ್ಚ್‌ಮೆಂಟಿನಿಂದ ಆರಿಸಿದ ದುಂಡು ಬೀಜಗಳು. ನಾಲ್ಕು ಕವಡೆ ಎಸೆದಾಗ ನಾಲ್ಕೂ ಬಾಯಿ ತೆರೆದು ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಇವೆರಡು ಬಿದ್ದರೆ ಮತ್ತೊಂದು ಆಟ ಸಿಗುತ್ತದೆ. ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲವೆಂಬುದು ನಮ್ಮ ಮನೆಯ ಕಟ್ಟುನಿಟ್ಟು. ಒಂದು ಆಟ ಮುಗಿಯುವ ಹೊತ್ತಿಗೆ ಕಾಫಿಗೆ ಕೈಯಾಡಿಸುವ ಹೊತ್ತೂ ಆಗಿರುತ್ತಿತ್ತು. ಸೋತವರು ಎದ್ದು ಹಜಾರಕ್ಕೆ ಹೋಗಬೇಕೆಂದು ನಿಯಮ ಮಾಡಿಕೊಂಡೆವು. ಎಪ್ಪತ್ತು ದಾಟಿದ ಅತ್ತೆಯವರು ಸೋಲುವುದು ಬಲು ಅಪರೂಪ. ಕವಡೆಯನ್ನು ಕೈಯಲ್ಲಿ ಕುಲುಕುವ ಮೊದಲೇ ತಮಗೆ ಎಷ್ಟು ಬೇಕೆಂದು ಅವರು ಲೆಕ್ಕ ಹಾಕಿರುತ್ತಾರೆ, ಬೇಕಾದದ್ದು ಬೀಳದಿದ್ದರೆ ಯಾವ ಕಾಯಿ ನಡೆಸಬೇಕೆಂಬುದನ್ನೂ ಯೋಚಿಸಿರುತ್ತಾರೆ.

ಅವರ ಇನ್ನೊಂದು ಹವ್ಯಾಸ ಕ್ರೋಶಾ. ಕತ್ತಲೆಯಲ್ಲಿ ಅದನ್ನು ಹೇಗೆ ಮಾಡುತ್ತೀರೆಂದು ಕೇಳಿದರೆ, ಬೆರಳಿಗೆ ಗೊತ್ತಿರುವುದನ್ನು ಕಣ್ಣಿಗೆ ಯಾಕೆ ತೋರಿಸಬೇಕು ಎನ್ನುತ್ತಾರೆ.

ಮಾವನವರ ಹವ್ಯಾಸ ಮಳೆ ಅಳೆಯುವುದು. ಹವ್ಯಾಸವೆಂದರೆ ಅವರಿಗೆ ಬೇಸರವಾದೀತು, ಅಷ್ಟು ಶ್ರದ್ಧೆಯಿಂದ ಅವರದನ್ನು ಮಾಡುತ್ತಾರೆ. ಕಾಫಿ ನಾಡಿನಲ್ಲಿ ಮಳೆಯ ಲೆಕ್ಕ ಇಡುವುದು ಹಿಂದಿನಿಂದ ಬಂದ ಪದ್ಧತಿ. ಫೆಬ್ರುವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತು, ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಯಾವಾಗ ಬಂತು ಎಂಬುದರ ಮೇಲೆಯೇ ಆ ವರ್ಷದ ಫಸಲು ನಿಂತಿರುವುದರಿಂದ ಇಲ್ಲಿಯ ಬೆಳೆಗಾರರು ಒಬ್ಬರನ್ನೊಬ್ಬರು ಕಂಡಾಗ ಕೇಳುವ ಮೊದಲ ಮಾತೇ "ನಿಮ್ಮಲ್ಲಿ ಎಷ್ಟು ಸೆಂಟ್ ಆಯ್ತು?" ಎಂಬುದು. ಒಂದು ಇಂಚಿಗೆ ನೂರು ಸೆಂಟ್; ಇಂಚೊಂದಕ್ಕೆ 25.4 ಮಿ.ಮೀ. ಹೀಗಾಗಿ ಒಂದು ಇಂಚು ನಲವತ್ತು ಸೆಂಟ್ ಎಂದರೆ ಸುಮಾರು 35.6 ಮಿ.ಮೀ. ಹವಾಮಾನ ಇಲಾಖೆ ಎಂದೋ ಮಿಲಿಮೀಟರಿಗೆ ಬದಲಾಗಿದೆ, ರೇಡಿಯೊದಲ್ಲಿ ಸೆಂಟಿಮೀಟರಿನಲ್ಲಿ ಹೇಳುತ್ತಾರೆ, ನಮ್ಮ ತೋಟಗಳಲ್ಲಿ ಮಾತ್ರ ಇಂಚು, ಸೆಂಟ್ ಇನ್ನೂ ಗಟ್ಟಿಯಾಗಿ ಉಳಿದಿವೆ.

ಅವರ ಮಳೆಮಾಪಕ ಮನೆಯ ಮುಂದಿನ ಬಯಲಿನಲ್ಲಿದೆ. ಮೇಲೆ ಹಿತ್ತಾಳೆಯ ಅಂಚಿನ ಆಲಿಕೆ, ಒಳಗೆ ನೀರು ಕೂಡುವ ಬಾಟಲಿ, ಜೊತೆಗೆ ಗೆರೆ ಕೊರೆದ ಗಾಜಿನ ಅಳತೆ ಲೋಟ. ಆಲಿಕೆಯ ಬಾಯಿ ಅಗಲ, ಲೋಟ ಕಿರಿದು. ಆದ್ದರಿಂದ ನೆಲದ ಮೇಲೆ ಒಂದು ಮಿಲಿಮೀಟರ್ ನಿಲ್ಲುವ ನೀರು ಲೋಟದಲ್ಲಿ ಎಷ್ಟೋ ಎತ್ತರಕ್ಕೆ ಏರಿ, ಬರಿಗಣ್ಣಿಗೆ ಸಲೀಸಾಗಿ ಓದಲು ಬರುತ್ತದೆ. ಬೆಳಗ್ಗೆ ಎಂಟೂವರೆಗೆ ಅವರು ಕಂಬಳಿ ಕೊಪ್ಪೆ ಹಾಕಿಕೊಂಡು ಹೊರಡುತ್ತಾರೆ. ಬಾಟಲಿಯನ್ನು ಜಗಲಿಗೆ ತಂದು, ಒಂದು ಹನಿಯೂ ಚೆಲ್ಲದಂತೆ ಲೋಟಕ್ಕೆ ಸುರಿದು, ಲೋಟವನ್ನು ಕಟ್ಟೆಯ ಮೇಲೆ ಸಮವಾಗಿ ಇಟ್ಟು ತಾವೇ ಮಂಡಿಯೂರಿ ಕೂರುತ್ತಾರೆ. ಫೆಂಗಲ್ ಮಳೆಯ ಒಂದು ಬೆಳಗ್ಗೆ ಮಗಳು, "ಅಜ್ಜ, ಇವತ್ತು ನಾನೇ ಓದ್ತೀನಿ" ಎಂದು ಹಟ ಹಿಡಿದಳು. "ಓದು ಮಗಾ, ಆದ್ರೆ ಕಣ್ಣು ನೀರಿನ ಮಟ್ಟಕ್ಕೆ ಇರ್ಬೇಕು. ಅಂಚಿನಲ್ಲಿ ನೀರು ಮೇಲೆ ಹತ್ತಿರುತ್ತೆ, ಅದನ್ನ ನೋಡ್ಬೇಡ. ನಡುವೆ ತಗ್ಗಾಗಿರೋ ಕಡೆ ಗೆರೆ ಎಷ್ಟಿದೆ ನೋಡು" ಎಂದರು. ಅವಳು ಉಸಿರು ಬಿಗಿಹಿಡಿದು ಓದಿದಳು. ಅವರು ಮತ್ತೊಮ್ಮೆ ನೋಡಿ, ಅದೇ ಅಂಕಿಯನ್ನು ಪುಸ್ತಕದಲ್ಲಿ ಬರೆದರು.

ಆ ಪುಸ್ತಕಗಳು ಅಟ್ಟದ ಮೇಲೆ ಒಂದು ಟ್ರಂಕಿನ ತುಂಬ ಇವೆ. ಕತ್ತಲೆಯ ಆ ದಿನಗಳಲ್ಲಿ ಹೊತ್ತು ಕಳೆಯಲೆಂದು ಮಗಳೂ ಅಜ್ಜನೂ ಹಳೆಯ ಪುಸ್ತಕಗಳನ್ನು ಇಳಿಸಿ ನವೆಂಬರ್, ಡಿಸೆಂಬರಿನ ಪುಟಗಳನ್ನಷ್ಟೇ ತಿರುವುತ್ತಾ ಕುಳಿತರು. ಕೊಯ್ಲಿನ ಕಾಲದಲ್ಲಿ ಇಂಥ ಮಳೆ ಹಿಂದೆ ಎಂದೂ ಬಂದಿರಲಿಲ್ಲ ಎಂಬ ಮಾತು ಊರಿನಲ್ಲೆಲ್ಲ ಇತ್ತು. ಪುಟಗಳಲ್ಲಿ ಹಾಗಿರಲಿಲ್ಲ. ಸೊನ್ನೆಗಳ ಸಾಲಿನ ನಡುವೆ ಅಲ್ಲೊಂದು ಇಲ್ಲೊಂದು ವರ್ಷ ಮೂರು ನಾಲ್ಕು ದಿನಗಳ ಮಳೆ ಕಾಣಿಸುತ್ತಿತ್ತು, ಪಕ್ಕದಲ್ಲಿ "ಚೆರಿ ಉದುರಿತು", "ಕಣ ನೀರು", "ಬಿಸಿಲು ಇಲ್ಲ" ಎಂಬ ಎರಡೆರಡು ಪದಗಳ ಟಿಪ್ಪಣಿಯೂ ಇತ್ತು. ನನ್ನ ಮಟ್ಟಿಗೆ ಇದು ಬಹಳ ಮುಖ್ಯವಾದ ಸಂಗತಿ. ನೆನಪು ಕೆಟ್ಟ ವರ್ಷವನ್ನು ಬೇಗ ಮರೆಯುತ್ತದೆ, ಇಲ್ಲವೇ ಅದನ್ನೊಂದೇ ಹಿಡಿದುಕೊಂಡು ಕೂರುತ್ತದೆ. ಬರೆದಿಟ್ಟ ಅಂಕಿ ಹಾಗೆ ಮಾಡುವುದಿಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇಂಥ ಪುಸ್ತಕಗಳು ರದ್ದಿಗೆ ಹೋಗುತ್ತಿರುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಮಗಳದು ಇದರದ್ದೇ ಮುಂದುವರಿದ ಹವ್ಯಾಸ. ಶಾಲೆಯ ಅಟ್ಲಾಸಿನಿಂದ ಹಿಂದೂ ಮಹಾಸಾಗರದ ನಕ್ಷೆಯನ್ನು ದೊಡ್ಡ ಹಾಳೆಗೆ ಇಳಿಸಿಕೊಂಡು ಚಂಡಮಾರುತಗಳ ದಾರಿಯನ್ನು ಬಣ್ಣದ ಪೆನ್ಸಿಲಿನಲ್ಲಿ ಎಳೆಯುತ್ತಾಳೆ. ನಮ್ಮ ಸುತ್ತಲಿನ ಸಮುದ್ರಗಳ ಚಂಡಮಾರುತಗಳಿಗೆ 13 ದೇಶಗಳು ಹೆಸರು ಕೊಟ್ಟಿವೆ, ದೇಶಕ್ಕೆ 13ರಂತೆ ಒಟ್ಟು 169 ಹೆಸರುಗಳ ಪಟ್ಟಿ 2020ರಲ್ಲಿ ಪ್ರಕಟವಾಯಿತು. ತೌಕ್ತೆ ಮ್ಯಾನ್ಮಾರ್ ಕೊಟ್ಟದ್ದು, ಫೆಂಗಲ್ ಸೌದಿ ಅರೇಬಿಯಾದ್ದು, ತೇಜ್ ನಮ್ಮದು. ಅವಳಿಗೆ ಎಲ್ಲಕ್ಕಿಂತ ಇಷ್ಟವಾದ ಹೆಸರು ಮೋಖಾ. ಯೆಮೆನ್ ತನ್ನ ಬಂದರಿನ ಹೆಸರನ್ನೇ ಕೊಟ್ಟಿತು. 2023ರ ಮೇ ತಿಂಗಳಲ್ಲಿ ಮ್ಯಾನ್ಮಾರಿನ ದಡಕ್ಕೆ ಅಪ್ಪಳಿಸಿದ ಉಗ್ರ ಚಂಡಮಾರುತಕ್ಕೆ ಆ ಹೆಸರು ಬಂತು. ಬಾಬಾ ಬುಡನ್ ಅವರು ಏಳು ಕಾಫಿ ಬೀಜಗಳನ್ನು ತಂದದ್ದು ಅದೇ ಮೋಖಾದಿಂದ ಎಂಬ ಪ್ರತೀತಿಯನ್ನು ಕೇಳುತ್ತಲೇ ಬೆಳೆದ ಚಿಕ್ಕಮಗಳೂರಿನ ಮಗುವಿಗೆ ಆ ಹೆಸರು ಪಟ್ಟಿಯಲ್ಲಿ ಕಂಡಾಗ ಆದ ಸಂತೋಷ ಅಷ್ಟಿಷ್ಟಲ್ಲ. ಅದೇ ಬಗೆಯ ಸುಳಿಗಾಳಿಯನ್ನು ಅಟ್ಲಾಂಟಿಕ್ ಸಾಗರದವರು ಹರಿಕೇನ್ ಎನ್ನುತ್ತಾರೆ, ವಾಯವ್ಯ ಪೆಸಿಫಿಕ್‌ನವರು ಟೈಫೂನ್ ಎನ್ನುತ್ತಾರೆ ಎಂಬುದನ್ನೂ ನಕ್ಷೆಯ ಮೂಲೆಯಲ್ಲಿ ಬರೆದಿಟ್ಟಿದ್ದಾಳೆ.

ಅವಳ ನಕ್ಷೆಗೆ ಅಂದು ಸುದ್ದಿ ಬಂದದ್ದು ಅಪ್ಪನ ರೇಡಿಯೊದಿಂದ. ಸೆಲ್ ಹಾಕಿದ ಟ್ರಾನ್ಸಿಸ್ಟರಿನಲ್ಲಿ ಆಕಾಶವಾಣಿ ಹಾಸನ ಕೇಂದ್ರ ಸ್ಪಷ್ಟವಾಗಿ ಬರುತ್ತಿತ್ತು. ಪ್ರದೇಶ ಸಮಾಚಾರದ ಹೊತ್ತಿಗೆ ಚೌಕಾಬಾರ ನಿಲ್ಲುತ್ತಿತ್ತು, ಮಗಳು ಪೆನ್ಸಿಲ್ ಹಿಡಿದು ಕೂರುತ್ತಿದ್ದಳು. ವಾಯುಭಾರ ಕುಸಿತ ಈಗ ಎಲ್ಲಿದೆ, ಯಾವ ದಿಕ್ಕಿಗೆ ಸಾಗಿದೆ ಎಂಬುದನ್ನು ಕೇಳಿ ಅವಳು ಚುಕ್ಕೆ ಇಡುತ್ತಿದ್ದಳು, ಮಾವನವರು ಆ ಚುಕ್ಕೆಯನ್ನು ನೋಡಿ ನಾಳೆ ಕಣಕ್ಕೆ ಕಾಫಿ ಇಳಿಸಬಹುದೇ ಇಲ್ಲವೇ ಎಂದು ತೀರ್ಮಾನಿಸುತ್ತಿದ್ದರು.

ಇನ್ನು ನನ್ನದು ಕಾಫಿ ಹುರಿಯುವ ಹವ್ಯಾಸ. ಒಳ್ಳೆಯ ಬೀಜವೆಲ್ಲ ಮಾರಾಟಕ್ಕೆ, ಮನೆಗೆ ಉದುರು ಕಾಫಿ ಎಂಬುದು ಬಹಳಷ್ಟು ಬೆಳೆಗಾರರ ಮನೆಗಳ ರೂಢಿ. ನನಗದು ಎಂದೂ ಒಪ್ಪಿಗೆಯಾಗಲಿಲ್ಲ. ನಾವೇ ಬೆಳೆದ ಕಾಫಿಯ ನಿಜವಾದ ರುಚಿ ನಮಗೆ ಗೊತ್ತಿರಬೇಡವೇ? ಹಿಂದಿನ ವರ್ಷದ ಪಾರ್ಚ್‌ಮೆಂಟನ್ನು ಒರಳಿನಲ್ಲಿ ಮೆಲ್ಲಗೆ ಕುಟ್ಟಿ, ಹೊಟ್ಟು ತೂರಿ, ಸೌದೆ ಒಲೆಯ ಮೇಲೆ ದಪ್ಪ ಕಬ್ಬಿಣದ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವೇ ಹುರಿಯುತ್ತೇನೆ. ಬೆಳಕಿದ್ದಾಗ ಬಣ್ಣ ನೋಡಿ ಹುರಿಯಬಹುದು. ಕತ್ತಲೆಯಲ್ಲಿ ಕಿವಿ ಮತ್ತು ಮೂಗೇ ಗತಿ. ಮೊದಲು ಹಸಿ ಹುಲ್ಲಿನ ವಾಸನೆ, ಆಮೇಲೆ ಬ್ರೆಡ್ ಸುಟ್ಟಂಥ ವಾಸನೆ. ಬೀಜದ ಬಿಸಿ 200 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಒಳಗಿನ ಆವಿ ಬೀಜವನ್ನು ಬಿರಿಸಿ ಚಟ್ ಎಂಬ ಸದ್ದು ಬರುತ್ತದೆ. ಒಂದು, ಎರಡು, ಆಮೇಲೆ ಅರಳು ಸಿಡಿದಂತೆ ಒಂದೇ ಸಮ. ಆ ಸದ್ದು ಇಳಿದು ಸ್ವಲ್ಪ ಹೊತ್ತಿಗೆ ಬಾಣಲೆ ಇಳಿಸಿ ಮೊರಕ್ಕೆ ಸುರಿದು ಆರಿಸಬೇಕು. ಫ್ರಿಜ್ಜಿನ ಗುಂಯ್‌ಗುಡುವಿಕೆಯೂ ಇಲ್ಲದ ಆ ರಾತ್ರಿಗಳಲ್ಲಿ ಮೊದಲ ಬೀಜ ಬಿರಿದದ್ದು ಹಜಾರದಲ್ಲಿ ಕಾಫಿಗೆ ಕೈಯಾಡಿಸುತ್ತಿದ್ದ ಇವರಿಗೂ ಕೇಳಿಸುತ್ತಿತ್ತು. ಹುರಿದ ವಾಸನೆ ಹಸಿ ಬೀಜಕ್ಕೆ ತಗುಲದಿರಲೆಂದು ನಡುಬಾಗಿಲು ಮುಚ್ಚಿ, ಹಿತ್ತಿಲ ಬಾಗಿಲು ತೆರೆದು ಹುರಿಯುತ್ತಿದ್ದೆ. ಕೈಯಿಂದ ತಿರುವುವ ಬೀಸುವ ಯಂತ್ರದಲ್ಲಿ ಪುಡಿ ಮಾಡಿ, ಹಿತ್ತಾಳೆಯ ಫಿಲ್ಟರಿನಲ್ಲಿ ಇಳಿಸಿದ ಡಿಕಾಕ್ಷನ್ನಿಗೆ ಬೆಲ್ಲ ಹಾಕಿದ ಕಾಫಿ ಆ ರಾತ್ರಿಯ ಪಾಳಿಯವರೆಲ್ಲರಿಗೂ ಸಿಗುತ್ತಿತ್ತು.

ಮೋಡ ಚದುರಿದ ದಿನವೇ ಲೈನ್‌ಮನ್‌ಗಳು ಬಂದರು. ಜಾರುವ ಕಂಬಗಳನ್ನು ಹತ್ತಿ, ಜಿಗಣೆಗಳ ನಡುವೆ ಗುಡ್ಡದ ತೋಟಗಳಲ್ಲಿ ತಂತಿಯ ಜಾಡು ಹಿಡಿದು ಹೋಗುವ ಅವರ ಕೆಲಸವನ್ನು ಒಮ್ಮೆ ಜೊತೆಗೆ ನಡೆದು ನೋಡಿದವರು ಯಾರೂ ಕರೆಂಟು ತಡವಾಯಿತೆಂದು ಅವರ ಮೇಲೆ ರೇಗಲಾರರು. ಅವರಿಗೂ ಆ ಕಾಫಿಯನ್ನೇ ಕೊಟ್ಟೆವು. ಹಜಾರದ ಪಾರ್ಚ್‌ಮೆಂಟ್ ಮತ್ತೆ ಕಣಕ್ಕೆ ಇಳಿದು, ತೇವ 11 ಶೇಕಡದ ಆಸುಪಾಸಿಗೆ ಬರುವವರೆಗೆ ಒಣಗಿತು. ಗಿಡದಿಂದ ಉದುರಿದ ಹಣ್ಣನ್ನು ಹೆಕ್ಕಿ ಪ್ರತ್ಯೇಕ ಇಟ್ಟೆವು, ಅದರಲ್ಲಿ ನಷ್ಟವಾಯಿತು. ಕೈ ಪಲ್ಪರಿನಲ್ಲಿ ಮಾಡಿದ ಕಾಫಿ ಮಾತ್ರ ಬಣ್ಣಗೆಡದೆ ಉಳಿಯಿತು.

ಮಳೆಮಾಪಕದ ವಿಷಯ ಕೇಳಿ ಹಾಸನದಲ್ಲಿರುವ ನನ್ನ ತಂಗಿಯೂ ಒಂದನ್ನು ಇಟ್ಟುಕೊಳ್ಳಬೇಕೆಂದಿದ್ದಾಳೆ. ಅವಳಿಗೆ ಮಾವನವರು ಹೇಳಿಕೊಟ್ಟದ್ದನ್ನು ಇಲ್ಲಿಯೂ ಬರೆದಿಡುತ್ತೇನೆ, ಆಸಕ್ತಿಯುಳ್ಳವರಿಗೆ ಉಪಯೋಗವಾಗಬಹುದು. ಮಾಪಕವನ್ನು ಮರದ ಕೆಳಗಾಗಲಿ ಸೂರಿನ ಪಕ್ಕದಲ್ಲಾಗಲಿ ಇಡಬಾರದು; ಹತ್ತಿರದ ಮರ ಅಥವಾ ಗೋಡೆ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟಾದರೂ ದೂರವಿರಬೇಕು. ನೆಲದ ಮೇಲೆ ಬಿದ್ದ ಹನಿ ಸಿಡಿದು ಒಳಗೆ ಬೀಳದಂತೆ ಆಲಿಕೆಯ ಅಂಚು ನೆಲದಿಂದ ಒಂದು ಅಡಿ ಮೇಲಿರಬೇಕು, ಅಂಚು ಎಲ್ಲ ಕಡೆಗೂ ಮಟ್ಟವಾಗಿರಬೇಕು. ಎಲೆ, ಜೇಡರ ಬಲೆಗಳನ್ನು ಆಗಾಗ ತೆಗೆಯುತ್ತಿರಬೇಕು. ದಿನವೂ ಬೆಳಗ್ಗೆ ಎಂಟೂವರೆಗೇ ಓದಬೇಕು, ಒಂದು ದಿನ ಆರಕ್ಕೆ ಇನ್ನೊಂದು ದಿನ ಹತ್ತಕ್ಕೆ ಎಂದರೆ ಬೇರೆ ಊರಿನ ಲೆಕ್ಕದೊಡನೆ ಹೋಲಿಸಲು ಬರುವುದಿಲ್ಲ. ಮಳೆ ಬಾರದ ದಿನ ಪುಸ್ತಕದಲ್ಲಿ ಸೊನ್ನೆ ಎಂದು ಬರೆಯಬೇಕು. ಜಾಗ ಖಾಲಿ ಬಿಟ್ಟರೆ ಮಳೆ ಬಂದಿರಲಿಲ್ಲವೋ ಅಥವಾ ಅಂದು ಮನೆಯಲ್ಲಿ ಯಾರೂ ಇರಲಿಲ್ಲವೋ ಎಂಬುದು ಮುಂದೆ ನೋಡುವವರಿಗೆ ತಿಳಿಯುವುದಿಲ್ಲ.